ಕೆಡವಿದ ಕೈ, ಕೊಟ್ಟ ಕೈ

ಮಿಶಿಗನ್ ಸರೋವರದ ದಕ್ಷಿಣ ದಂಡೆಯಲ್ಲಿ ನೀರಿನ ಕಡೆ ಮುಖ ಮಾಡಿ ನಿಂತರೆ ಆಚೆಯ ದಡ ಕಾಣುವುದಿಲ್ಲ. ಅಲೆಗಳೂ ಇವೆ, ಕಡಲಹಕ್ಕಿಗಳೂ ಇವೆ. ಸಮುದ್ರವೆಂದೇ ಅನಿಸುತ್ತದೆ. ಬೊಗಸೆಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರೆ ಮಾತ್ರ ಉಪ್ಪಿಲ್ಲ, ಸಿಹಿನೀರು. ಎಡಗಡೆ ದೂರದಲ್ಲಿ ಬರ್ನ್ಸ್ ಹಾರ್ಬರಿನ ಉಕ್ಕಿನ ಕಾರ್ಖಾನೆ. ಆಕಾಶ ತಿಳಿಯಾಗಿದ್ದರೆ ಅದರಾಚೆ ನೀರಿನ ಮೇಲೆ ತೇಲುವಂತೆ ಶಿಕಾಗೋ ನಗರದ ಕಟ್ಟಡಗಳು. ಬಲಗಡೆ ಮಿಶಿಗನ್ ಸಿಟಿ ಎಂಬ ಊರಿನ ವಿದ್ಯುತ್ ಸ್ಥಾವರದ ತಂಪುಗೋಪುರ, ಡಮರು ನಿಲ್ಲಿಸಿದಂತೆ. ಇವೆರಡರ ನಡುವೆ ಸುಮಾರು ಐದು ಕಿಲೋಮೀಟರ್ ಉದ್ದದ ಮರಳ ದಂಡೆ, ಬೆನ್ನ ಹಿಂದೆ ಮರಳ ಗುಡ್ಡಗಳು, ಗುಡ್ಡಗಳ ಹಿಂದೆ ಓಕ್ ಮರಗಳ ಕಾಡು, ಕಾಡಿನ ನಡುವೆ ಡೇರೆ ಹಾಕಿಕೊಳ್ಳಲು ಜಾಗ. ಇದು ಇಂಡಿಯಾನಾ ಡ್ಯೂನ್ಸ್ ಸ್ಟೇಟ್ ಪಾರ್ಕ್.

2023ರ ಬೇಸಿಗೆಯಲ್ಲಿ ಶಿಕಾಗೋ ಬಳಿ ಇರುವ ನನ್ನ ತಂಗಿಯ ಮಗಳು ನನ್ನನ್ನು ಅಲ್ಲಿಗೆ ಕರೆದೊಯ್ದಳು. "ಮಾಮೂ, ಎರಡು ರಾತ್ರಿ ಟೆಂಟಿನಲ್ಲಿ ಮಲಗೋದು, ಸೊಂಟ ಹಿಡ್ಕೊಂಡ್ರೆ ನನ್ನ ಕೇಳ್ಬೇಡಿ" ಎಂದು ಮೊದಲೇ ಎಚ್ಚರಿಕೆ ಕೊಟ್ಟಿದ್ದಳು. ಸೊಂಟ ಹಿಡಿದುಕೊಂಡದ್ದು ನಿಜ. ಆದರೆ ನನ್ನನ್ನು ಹಿಡಿದುಕೊಂಡದ್ದು ಬೇರೊಂದು ಪ್ರಶ್ನೆ. ಅದು ಈ ಪಾರ್ಕು ಹುಟ್ಟಿದ ಬಗೆಯನ್ನು ಕುರಿತದ್ದು. ಊರಿಗೆ ಬಂದ ಮೇಲೂ ಬಿಡಲಿಲ್ಲವಾದ್ದರಿಂದ ಓದುಗರ ಮುಂದೆ ಇಡುತ್ತಿದ್ದೇನೆ.

ಮೊದಲು ಆ ಮರಳಿನ ಮಾತು. ಹಿಮಯುಗದ ಹಿಮರಾಶಿಗಳು ಸಾವಿರಾರು ವರ್ಷಗಳ ಹಿಂದೆ ಉತ್ತರಕ್ಕೆ ಸರಿದುಹೋದಾಗ ಬಿಟ್ಟುಹೋದ ಗುಂಡಿಯಲ್ಲಿ ನೀರು ತುಂಬಿ ಈ ಸರೋವರ ಆಯಿತು. ಅಲೆ ಮರಳನ್ನು ದಡಕ್ಕೆ ತಂದು ಹಾಕುತ್ತದೆ, ವಾಯವ್ಯದಿಂದ ಬೀಸುವ ಗಾಳಿ ಅದನ್ನು ಒಳಗೆ ಒಯ್ಯುತ್ತದೆ, ದಾರಿಯಲ್ಲೊಂದು ಹುಲ್ಲಿನ ಗರಿ ಅಡ್ಡ ಸಿಕ್ಕರೆ ಅಲ್ಲಿ ಮರಳು ನಿಲ್ಲುತ್ತದೆ. ಮಾರಮ್ ಎಂಬ ಆ ಹುಲ್ಲು ವಿಚಿತ್ರದ್ದು. ಮರಳು ಅದನ್ನು ಹೂತಷ್ಟೂ ಅದು ಮೇಲೆ ಬರುತ್ತದೆ, ಮೇಲೆ ಬಂದಷ್ಟೂ ಇನ್ನಷ್ಟು ಮರಳು ಹಿಡಿಯುತ್ತದೆ. ಹಾಗೆ ಬೆಳೆದ ಗುಡ್ಡಗಳಲ್ಲಿ ಅತಿ ಎತ್ತರದ್ದು ಮೌಂಟ್ ಟಾಮ್, 192 ಅಡಿ. ನಮ್ಮ ಕಡೆಯ ಬೆಟ್ಟಗಳನ್ನು ಕಂಡವರಿಗೆ ಇದೇನು ಮಹಾ ಎನಿಸಬಹುದು. ಹತ್ತಿ ನೋಡಬೇಕು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಗೆ ಜಾರುತ್ತದೆ.

1899ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಹೆನ್ರಿ ಚಾಂಡ್ಲರ್ ಕೌಲ್ಸ್ ಎಂಬ ಸಸ್ಯವಿಜ್ಞಾನಿ ಈ ಸರೋವರದ ಮರಳ ಗುಡ್ಡಗಳ ಬಗ್ಗೆ ಬರೆದ ಪ್ರಬಂಧ ಪ್ರಸಿದ್ಧವಾದದ್ದು. ಅವರು ಕಂಡದ್ದು ಇಷ್ಟು: ನೀರಿನ ಅಂಚಿನಿಂದ ಒಳನಾಡಿನ ಕಡೆ ನಡೆದರೆ ನೀವು ಕಾಲದಲ್ಲಿ ನಡೆಯುತ್ತೀರಿ. ಬರಿಯ ಮರಳು, ಆಮೇಲೆ ಹುಲ್ಲು, ಆಮೇಲೆ ಪೊದೆ, ಆಮೇಲೆ ಪೈನ್, ಆಮೇಲೆ ಓಕ್. ಒಂದೊಂದು ಸಾಲೂ ಹಿಂದಿನದು ಹಸನು ಮಾಡಿಕೊಟ್ಟ ನೆಲದಲ್ಲಿ ನಿಂತಿದೆ. ಮೊದಲು ಬಂದ ಹುಲ್ಲು ತಾನು ಹಿಡಿದಿಟ್ಟ ಮರಳಲ್ಲಿ ಕೊನೆಗೆ ತಾನೇ ಇರುವುದಿಲ್ಲ, ತನ್ನ ನಂತರದವರಿಗೆ ಜಾಗ ಬಿಟ್ಟಿರುತ್ತದೆ. ಜೀವಪರಿಸರ ಶಾಸ್ತ್ರದ ಒಂದು ಮುಖ್ಯ ತಿಳಿವಳಿಕೆ ಈ ಮರಳಿನಿಂದ ಎದ್ದುಬಂತು.

ಅದೇ ವರ್ಷಗಳಲ್ಲಿ ಅದೇ ದಂಡೆಯ ಮೇಲೆ ಇನ್ನೊಂದು ಕೆಲಸವೂ ನಡೆದಿತ್ತು. ತಂಪುಗೋಪುರದ ಮಾತು ಹೇಳಿದೆನಲ್ಲ, ಅದು ನಿಂತಿರುವ ಕಡೆ ಹಿಂದೆ ಹೂಸಿಯರ್ ಸ್ಲೈಡ್ ಎಂಬ ಮರಳ ಗುಡ್ಡವಿತ್ತು. ಸುಮಾರು 200 ಅಡಿ ಎತ್ತರ, ಇಡೀ ಇಂಡಿಯಾನಾ ದಂಡೆಯಲ್ಲಿ ಹೆಸರಾದದ್ದು. ಶಿಕಾಗೋದಿಂದ ಜನ ಅದನ್ನು ಹತ್ತಲೆಂದೇ ಬರುತ್ತಿದ್ದರು. ಅದರ ಮರಳು ಗಾಜು ಮಾಡಲು ಒಳ್ಳೆಯದೆಂದು ಗೊತ್ತಾಯಿತು. ಕೂಲಿಯಾಳುಗಳು ಸಲಿಕೆಯಿಂದ ಕೈಗಾಡಿಗೆ, ಕೈಗಾಡಿಯಿಂದ ರೈಲು ಡಬ್ಬಿಗೆ ತುಂಬಿದರು. ಸುಮಾರು ಮೂವತ್ತು ವರ್ಷ ತುಂಬಿದರು. 1920ರ ದಶಕ ಬರುವ ಹೊತ್ತಿಗೆ ಗುಡ್ಡವಿರಲಿಲ್ಲ, ನೆಲ ಸಮತಟ್ಟಾಗಿತ್ತು. ಆ ಮರಳಿನ ಒಂದು ಪಾಲು ಮನ್ಸೀ ಎಂಬ ಊರಿನ ಬಾಲ್ ಸಹೋದರರ ಕಾರ್ಖಾನೆಗೆ ಹೋಗಿ ತಿಳಿನೀಲಿ ಗಾಜಿನ ಜಾಡಿಗಳಾಯಿತು. ಅಮೆರಿಕದ ಹೆಂಗಸರು ಹಣ್ಣು, ತರಕಾರಿ, ಉಪ್ಪಿನಕಾಯಿ ಕೆಡದಂತೆ ಇಡುವ ಜಾಡಿ. ಚಳಿಗಾಲದಲ್ಲಿ ಮಕ್ಕಳ ಹೊಟ್ಟೆ ತುಂಬಿಸಿದ ಜಾಡಿ. ಆ ತಾಯಂದಿರಲ್ಲಿ ಯಾರೂ ಒಂದು ಬೆಟ್ಟವನ್ನು ಅಡುಗೆಮನೆಯ ಮಾಡಿನ ಮೇಲೆ ಇಟ್ಟುಕೊಂಡಿದ್ದೇವೆ ಎಂದುಕೊಂಡಿರಲಾರರು. ಗುಡ್ಡ ಕೆಡವಿದವನು ದುಷ್ಟನಾಗಿರಬೇಕೆಂದು ನಮ್ಮ ಮನಸ್ಸು ಬಯಸುತ್ತದೆ. ಇಲ್ಲಿ ದುಷ್ಟರು ಯಾರೂ ಸಿಗುವುದಿಲ್ಲ. ಸಲಿಕೆ ಹಿಡಿದ ಕೂಲಿ, ಜಾಡಿ ತೊಳೆದ ತಾಯಿ, ಸಂಬಳ ಎಣಿಸಿದ ಗುಮಾಸ್ತ, ಇಷ್ಟೇ.

1906ರಲ್ಲಿ ಯುಎಸ್ ಸ್ಟೀಲ್ ಕಂಪೆನಿ ಇದೇ ದಂಡೆಯ ಪಶ್ಚಿಮದ ಭಾಗದಲ್ಲಿ ಮರಳ ಗುಡ್ಡಗಳನ್ನು ಮಟ್ಟ ಮಾಡಿ ಕಾರ್ಖಾನೆಯನ್ನೂ ಅದಕ್ಕೊಂದು ಹೊಸ ಊರನ್ನೂ ಕಟ್ಟತೊಡಗಿತು. ಊರಿಗೆ ಕಂಪೆನಿಯ ಅಧ್ಯಕ್ಷ ಎಲ್ಬರ್ಟ್ ಗ್ಯಾರಿಯ ಹೆಸರೇ ಇಟ್ಟರು. ಯುರೋಪಿನ ಬಡ ದೇಶಗಳಿಂದ, ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಹೊಲಗಳಿಂದ ಜನ ಕೆಲಸ ಹುಡುಕಿ ಅಲ್ಲಿಗೆ ಬಂದರು. ಲಕ್ಷ ಲೆಕ್ಕದ ಒಲೆಗಳು ಆ ಕಬ್ಬಿಣದಿಂದ ಉರಿದವು. ಆದರೆ ಉಳಿದಿರುವ ಗುಡ್ಡಗಳನ್ನಾದರೂ ಕಾಪಾಡಬೇಕೆಂಬ ಮಾತು ಶಿಕಾಗೋದಲ್ಲಿ ಎದ್ದಿತು. ರಾಷ್ಟ್ರೀಯ ಉದ್ಯಾನಗಳ ಮುಖ್ಯಸ್ಥ ಸ್ಟೀಫನ್ ಮೇದರ್ 1916ರ ಅಕ್ಟೋಬರಿನಲ್ಲಿ ಶಿಕಾಗೋದಲ್ಲೇ ಜನರ ಅಹವಾಲು ಕೇಳಿದರು. ಕೌಲ್ಸ್ ಕೂಡ ಇದಕ್ಕಾಗಿ ದುಡಿದವರು. ಮುಂದಿನ ವರ್ಷ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಮೊದಲು ದೇಶ, ಆಮೇಲೆ ಮರಳು ಎಂಬ ಮಾತು ಬಂತು. ದೇಶದ ಹೆಸರು ಎತ್ತಿದ ಮೇಲೆ ಮರಳಿನ ಪರ ವಾದಿಸುವವರು ಎಲ್ಲಿಯೂ ಕಡಿಮೆ.

ಕೈಬಿಡದೆ ಹಿಡಿದದ್ದು ಮಹಿಳಾ ಸಂಘಗಳು. ಗ್ಯಾರಿ ಊರಿನ ಬೆಸ್ ಶೀಹನ್ ಎಂಬಾಕೆ ಇಂಡಿಯಾನಾದ ಮಹಿಳಾ ಸಂಘಗಳನ್ನು ಒಟ್ಟುಗೂಡಿಸಿ ರಾಜ್ಯದ ಶಾಸನಸಭೆಯ ಬಾಗಿಲು ತಟ್ಟಿದರು. 1923ರಲ್ಲಿ ಕಾನೂನಾಯಿತು, 1925ರಲ್ಲಿ ಪಾರ್ಕು ಹುಟ್ಟಿತು. ಆದರೆ ಸರ್ಕಾರದ ಹಣ ಭೂಮಿ ಕೊಳ್ಳಲು ಸಾಲದು. ದಾನಿಗಳು ಬೇಕಾದರು. ಇಬ್ಬರ ಹೆಸರು ಪ್ರಮುಖವಾಗಿ ಕೇಳಿಬರುತ್ತದೆ. ಒಬ್ಬರು ಸಿಯರ್ಸ್ ಕಂಪೆನಿಯ ಜೂಲಿಯಸ್ ರೋಸನ್‌ವಾಲ್ಡ್, ದಕ್ಷಿಣದ ಕರಿಯ ಮಕ್ಕಳಿಗಾಗಿ ಸಾವಿರಾರು ಶಾಲೆ ಕಟ್ಟಿಸಲು ಕೈಜೋಡಿಸಿದವರು. ಇನ್ನೊಬ್ಬರು, ಹೌದು, ಅದೇ ಎಲ್ಬರ್ಟ್ ಗ್ಯಾರಿ.

ನನ್ನನ್ನು ಹಿಡಿದ ಪ್ರಶ್ನೆ ಇದು. ಮೈಲುಗಟ್ಟಲೆ ಗುಡ್ಡ ಕೆಡವಿದ ಕೈಯಿಂದಲೇ ಉಳಿದ ಗುಡ್ಡಕ್ಕೆ ಹಣ ತೆಗೆದುಕೊಳ್ಳಬಹುದೆ?

ನಾನು ಹನ್ನೆರಡು ಹದಿಮೂರರ ಹುಡುಗನಾಗಿದ್ದಾಗ ನಮ್ಮೂರ ಮಸೀದಿಯಲ್ಲಿ ಇಂಥದೇ ಒಂದು ಪಂಚಾಯ್ತಿ ನಡೆದಿತ್ತು. ವುಜೂ ಮಾಡುವ ಹಳೆಯ ಹೌಜ್ ಬಿರುಕುಬಿಟ್ಟು ಸೋರುತ್ತಿತ್ತು. ಊರಿನ ಒಬ್ಬ ಮರದ ಗುತ್ತಿಗೆದಾರರು ತಾವೇ ಪೂರ್ತಿ ಕಟ್ಟಿಸಿಕೊಡುವುದಾಗಿ ಹೇಳಿ ಕಳಿಸಿದರು. ಪರ್ಮಿಟ್ಟಿನಲ್ಲಿ ಹತ್ತು ಮರವಿದ್ದರೆ ಅವರ ಲಾರಿಯಲ್ಲಿ ನಲವತ್ತು ಇಳಿಯುತ್ತವೆಂಬುದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಕಮಿಟಿ ಎರಡು ಪಾಲಾಯಿತು. ಲೆಕ್ಕ ಬರೆಯುತ್ತಿದ್ದವರು ನನ್ನ ಅಬ್ಬ. ನಾನು ಅವರ ಪಕ್ಕದಲ್ಲಿ ಮಸಿ ಕುಡಿಕೆ ಹಿಡಿದು ಕೂತಿದ್ದೆ. ನೀರಿಗೆ ಯಾರ ದುಡ್ಡು ಅಂತ ಗೊತ್ತಾಗುತ್ತಾ ಎಂದು ಒಬ್ಬರು. ನೀರಿಗೆ ಗೊತ್ತಾಗದಿದ್ದರೂ ಅಲ್ಲಾಹನಿಗೆ ಗೊತ್ತಾಗುತ್ತೆ ಎಂದು ಇನ್ನೊಬ್ಬರು. ಕೊನೆಗೆ ಮುದುಕ ಹಾಫಿಜ್ ಸಾಹೇಬರು ಗಂಟಲು ಸರಿಮಾಡಿಕೊಂಡು, "ದುಡ್ಡು ಬೇಡ ಅನ್ನಬೇಡಿ ಭಾಯಿ. ಹೌಜ್ ಬೇಡ. ಹಿಂದುಗಡೆ ಪಾಯಖಾನೆ ಕಟ್ಟಿಸಿಕೊಡಿ ಅನ್ನಿ" ಎಂದರು. ಎಲ್ಲರೂ ನಕ್ಕರು. ಅಬ್ಬ ಮಾತ್ರ ನಗದೆ ಪುಸ್ತಕದಲ್ಲಿ ಬರೆದುಕೊಂಡರು.

ಬ್ಯಾಂಕಿನ ಬಡ್ಡಿ ಹಣವನ್ನು ಪುಣ್ಯದ ಆಸೆಯಿಲ್ಲದೆ ಬಡವರಿಗೆ ದಾಟಿಸಬೇಕು, ಸಾರ್ವಜನಿಕ ಶೌಚಾಲಯದಂಥ ಕೆಲಸಕ್ಕೆ ಹಾಕಬೇಕು ಎಂದು ನಮ್ಮ ಉಲೆಮಾಗಳಲ್ಲಿ ಅನೇಕರು ಹೇಳುತ್ತಾ ಬಂದಿದ್ದಾರೆ. ಹಾಫಿಜ್ ಸಾಹೇಬರ ತಮಾಷೆಯ ಹಿಂದೆ ಈ ವಿವೇಕವಿತ್ತು. ಹಣ ಜನರಿಗೆ ತಲುಪಲಿ, ಕೊಟ್ಟವನಿಗೆ ಮಿಂಬರಿನಿಂದ ಹೊಗಳಿಕೆ ಸಿಗದಿರಲಿ.

ಗ್ಯಾರಿಯ ಹಣಕ್ಕೂ ಗುತ್ತಿಗೆದಾರರ ಹಣಕ್ಕೂ ವ್ಯತ್ಯಾಸವಿಲ್ಲವೆ? ಇದೆ. ಗ್ಯಾರಿ ಕಾನೂನು ಮುರಿದು ಮರಳ ಗುಡ್ಡ ಕೆಡವಲಿಲ್ಲ. ಭೂಮಿ ಕೊಂಡು ಕೆಡವಿದರು. ಆ ಉಕ್ಕಿನ ಫಲ ಉಣ್ಣದವರು ಯಾರು? ನನ್ನನ್ನು ಅಲ್ಲಿಗೆ ಹೊತ್ತೊಯ್ದ ಕಾರು, ರೈಲುಹಳಿ, ಸೇತುವೆ ಎಲ್ಲವೂ ಅದೇ ಜಾತಿಯ ಉಕ್ಕು. ಗ್ಯಾರಿಯ ಕೈ ಕೊಳೆಯೆಂದು ಬೆರಳು ತೋರಿಸುವ ಮೊದಲು ನನ್ನ ಬೆರಳನ್ನು ಒಮ್ಮೆ ನೋಡಿಕೊಳ್ಳಬೇಕಾಗುತ್ತದೆ. ಹಾಗಾದರೆ ದಾನವನ್ನು ನಿಸ್ಸಂಕೋಚವಾಗಿ ಸ್ವೀಕರಿಸಬಹುದಲ್ಲ? ಅಲ್ಲಿಯೂ ಮನಸ್ಸು ನಿಲ್ಲುವುದಿಲ್ಲ. ತೌಬಾಕ್ಕೆ ಷರತ್ತುಗಳಿವೆ. ಮಾಡಿದ್ದನ್ನು ನಿಲ್ಲಿಸಬೇಕು, ಅದಕ್ಕೆ ಮನಸಾರೆ ನೊಂದುಕೊಳ್ಳಬೇಕು, ಮತ್ತೆ ಮಾಡುವುದಿಲ್ಲವೆಂದು ನಿಶ್ಚಯಿಸಬೇಕು. ಇನ್ನೊಬ್ಬರ ಹಕ್ಕಿನ ಮಾತಾದರೆ ಅದನ್ನು ಹಿಂತಿರುಗಿಸಬೇಕು. ಕಾರ್ಖಾನೆ ನಿಲ್ಲಲಿಲ್ಲ. ದಾನ ತೌಬಾ ಅಲ್ಲ, ದಾನ ಅಷ್ಟೆ.

ಹಿಂತಿರುಗಿಸುವುದಾದರೂ ಯಾರಿಗೆ? ಈ ದಂಡೆಯಲ್ಲಿ ಮೊದಲಿದ್ದವರು ಪೊಟವಾಟಮಿ ಜನ. 1838ರ ಸೆಪ್ಟೆಂಬರಿನಲ್ಲಿ ಇಂಡಿಯಾನಾದ ಪ್ಲಿಮತ್ ಬಳಿಯಿಂದ 850ಕ್ಕೂ ಹೆಚ್ಚು ಪೊಟವಾಟಮಿಗಳನ್ನು ಬಂದೂಕಿನ ಕಾವಲಿನಲ್ಲಿ ಹೊರಡಿಸಿ ಎರಡು ತಿಂಗಳು ನಡೆಸಿಕೊಂಡು ಕ್ಯಾನ್ಸಸ್‌ಗೆ ಸಾಗಿಸಿದರು. ದಾರಿಯಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಮಕ್ಕಳು. ಸಾವಿನ ಹಾದಿ ಎಂದೇ ಅದಕ್ಕೆ ಹೆಸರು. ಆಮೇಲೆ ಆ ಸೀಮೆಯ ಭೂಮಿಗೆಲ್ಲ ಕಾಗದಪತ್ರಗಳಾದವು. ಗ್ಯಾರಿ ಕೊಂಡದ್ದೂ ಸರ್ಕಾರ ಕೊಂಡದ್ದೂ ಆ ಕಾಗದಗಳ ಮೂಲಕವೇ. ಕಾಗದ ಶುದ್ಧವಾಗಿತ್ತು. ಕಾಗದ ಯಾವಾಗಲೂ ಶುದ್ಧವಾಗಿಯೇ ಇರುತ್ತದೆ.

ಡೇರೆಯ ಹೊರಗೆ ಕೂತು ಇದನ್ನೆಲ್ಲ ತಲೆಯಲ್ಲಿ ಉರುಳಿಸುತ್ತಿದ್ದಾಗ ನನಗೆ ನಮ್ಮ ವಕ್ಫ್ ನೆನಪಾಯಿತು. ಉಮರ್(ರ) ಅವರಿಗೆ ಖೈಬರಿನಲ್ಲಿ ಒಳ್ಳೆಯ ಜಮೀನು ಸಿಕ್ಕಿತ್ತು. ಏನು ಮಾಡಲಿ ಎಂದು ಪ್ರವಾದಿ(ಸ) ಅವರನ್ನು ಕೇಳಿದರು. ಮೂಲವನ್ನು ಕಟ್ಟಿಹಾಕಿ ಫಲವನ್ನು ದಾನ ಮಾಡುವ ದಾರಿ ದೊರೆಯಿತು. ಆ ಜಮೀನನ್ನು ಮಾರುವಂತಿಲ್ಲ, ಕೊಡುಗೆ ಕೊಡುವಂತಿಲ್ಲ, ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಯೋಚಿಸಿ ನೋಡಿದರೆ ಸ್ಟೇಟ್ ಪಾರ್ಕಿನ ಹಿಂದಿರುವ ಕಲ್ಪನೆಯೂ ಇದಕ್ಕೆ ದೂರದ್ದಲ್ಲ. ಬೆತ್ಲೆಹೆಮ್ ಸ್ಟೀಲ್ 2001ರಲ್ಲಿ ದಿವಾಳಿ ಎದ್ದಿತು. ಗ್ಯಾರಿಯ ಯುಎಸ್ ಸ್ಟೀಲ್ 2025ರಲ್ಲಿ ಜಪಾನಿನ ನಿಪ್ಪಾನ್ ಸ್ಟೀಲಿನ ಕೈಸೇರಿತು. ಎರಡೂ ಕಾರ್ಖಾನೆಗಳ ಪೂರ್ವಕ್ಕಿರುವ ಈ 2,182 ಎಕರೆ ಮಾತ್ರ ಕೈಬದಲಾಗದೆ ಇದೆ. ಆದರೆ ವಕ್ಫ್ ಮಾಡುವವನು ತನ್ನದನ್ನು ಮಾಡಬೇಕು, ಇನ್ನೊಬ್ಬನದನ್ನಲ್ಲ. ನಮ್ಮಲ್ಲಿ ವಕ್ಫ್ ಆಸ್ತಿಗೆ ಏನೇನಾಗಿದೆ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳುವ ಅಗತ್ಯವಿಲ್ಲ. ಅಮೆರಿಕದವರ ಕಾಗದ ತಿದ್ದಲು ಹೊರಡುವಾಗ ನಮ್ಮ ಮುತವಲ್ಲಿಗಳ ಮುಖ ನೆನಪಾಗಿ ನಾಲಿಗೆ ಸ್ವಲ್ಪ ತಡೆಯುತ್ತದೆ.

ಹಿಮಾ ಎಂಬ ಇನ್ನೊಂದು ಮಾತಿದೆ. ಅರಬರ ಕುಲನಾಯಕರು ಒಳ್ಳೆಯ ಹುಲ್ಲುಗಾವಲನ್ನು ತಮಗೆಂದು ಬೇಲಿ ಹಾಕಿಕೊಳ್ಳುತ್ತಿದ್ದರು. ಅದೇ ಹಿಮಾ. ಪ್ರವಾದಿ(ಸ) ಈ ಖಾಸಗಿ ಬೇಲಿಯನ್ನು ರದ್ದು ಮಾಡಿ, ಕಾಯ್ದಿಟ್ಟರೆ ಎಲ್ಲರ ಹಿತಕ್ಕಾಗಿಯೇ ಕಾಯ್ದಿಡಬೇಕೆಂದರು. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನ ಪಾಲುದಾರರೆಂಬ ತಿಳಿವು ಅದರ ಬುಡದಲ್ಲಿದೆ. ಉಮರ್(ರ) ಖಲೀಫರಾದಾಗ ಒಂದು ಹಿಮಾಕ್ಕೆ ಹುನೈ ಎಂಬವರನ್ನು ಕಾವಲಿಗೆ ಇಟ್ಟರು. ಅವರಿಗೆ ಕೊಟ್ಟ ಸೂಚನೆ ಬುಖಾರಿಯಲ್ಲಿ ದಾಖಲಾಗಿದೆ. ನಾಲ್ಕು ಒಂಟೆ, ನಾಲ್ಕು ಕುರಿ ಇರುವ ಬಡವನನ್ನು ಒಳಗೆ ಬಿಡು. ಇಬ್ನ್ ಔಫ್ ಮತ್ತು ಇಬ್ನ್ ಅಫ್ಫಾನರ ಮಂದೆಗಳ ಬಗ್ಗೆ ಎಚ್ಚರದಿಂದಿರು. ಅವರ ಜಾನುವಾರು ಸತ್ತರೂ ಹೊಲ, ಖರ್ಜೂರದ ತೋಟ ಇದೆ. ಬಡವನದು ಸತ್ತರೆ ಅವನು ಮಕ್ಕಳನ್ನು ಕಟ್ಟಿಕೊಂಡು ನನ್ನ ಬಾಗಿಲಿಗೆ ಬರುತ್ತಾನೆ. ಇದು ಅದರ ಸಾರ. ಗಮನಿಸಬೇಕು, ಹೆಸರಿಸಿದ ಇಬ್ಬರೂ ದೊಡ್ಡ ಸಹಾಬಿಗಳು, ಒಬ್ಬರು ಮುಂದೆ ಖಲೀಫರಾದವರು. ಅವರು ಕೆಟ್ಟವರೆಂದಲ್ಲ, ಉಳ್ಳವರೆಂದು ಅವರಿಗೆ ಬಾಗಿಲು ಬಿಗಿ.

ಪಾರ್ಕಿನ ಗೇಟಿನಲ್ಲಿ ಕಾರು ನಿಲ್ಲಿಸಿ ಪ್ರವೇಶಶುಲ್ಕ ಕೊಡುವಾಗ ನನ್ನ ತಂಗಿಯ ಮಗಳು, "ನಾವು ಇಲಿನಾಯ್ ನಂಬರ್ ಪ್ಲೇಟ್, ನಮಗೆ ಜಾಸ್ತಿ" ಎಂದಳು. ಇಂಡಿಯಾನಾದ ಉದ್ಯಾನಗಳಿಗೆ ತಳಹದಿ ಹಾಕಿದ ರಿಚರ್ಡ್ ಲೀಬರ್ 1916ರ ಕಾಲದಿಂದಲೇ ಬಂದವರಿಂದ ಹತ್ತು ಸೆಂಟ್ ತೆಗೆದುಕೊಳ್ಳುತ್ತಿದ್ದರು. ಪುಕ್ಕಟೆ ಸಿಕ್ಕಿದ್ದನ್ನು ಜನ ತಮ್ಮದೆಂದು ನೋಡಿಕೊಳ್ಳುವುದಿಲ್ಲವೆಂಬುದು ಅವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಹುನೈಯ ಗೇಟಿನಲ್ಲಿ ಬಡವನಿಗೆ ದಾರಿ ಮೊದಲು, ಇಲ್ಲಿ ಕಾಸಿದ್ದವನಿಗೆ. ಹತ್ತು ಸೆಂಟ್ ಇದ್ದರೂ ಸಾಲದ ಕಾಲವೂ ಒಂದಿತ್ತು.

1919ರ ಜುಲೈ 27ರಂದು ಇದೇ ಸರೋವರದ ಶಿಕಾಗೋ ದಂಡೆಯಲ್ಲಿ ಯುಜೀನ್ ವಿಲಿಯಮ್ಸ್ ಎಂಬ ಹದಿನೇಳರ ಕರಿಯ ಹುಡುಗ ಗೆಳೆಯರೊಡನೆ ತೆಪ್ಪದಲ್ಲಿ ತೇಲುತ್ತಿದ್ದ. ದಡದ ಮೇಲೆ ಬಿಳಿಯರ ಜಾಗ, ಕರಿಯರ ಜಾಗ ಎಂಬ ಗೆರೆಯಿತ್ತು. ಬರೆದದ್ದಲ್ಲ, ಎಲ್ಲರೂ ಒಪ್ಪಿಕೊಂಡದ್ದು. ತೆಪ್ಪ ತೇಲುತ್ತ ಆ ಕಾಣದ ಗೆರೆ ದಾಟಿತು. ದಡದಿಂದ ಕಲ್ಲು ಬಂದವು, ಹುಡುಗ ಮುಳುಗಿ ಸತ್ತ. ಆ ಬಳಿಕ ಹೊತ್ತಿದ ಗಲಭೆಯಲ್ಲಿ 38 ಮಂದಿ ಹೋದರು, 23 ಕರಿಯರು, 15 ಬಿಳಿಯರು. ಗ್ಯಾರಿ ಊರಿನಲ್ಲೇ, ಉಕ್ಕು ಕಾಯಿಸಿದ ಕರಿಯ ಕೂಲಿಗಳು ಊರಿನ ಮಾರ್ಕೆಟ್ ಪಾರ್ಕಿನ ದಂಡೆಗೆ ಕಾಲಿಡಲು 1949ರಲ್ಲಿ ಮೆರವಣಿಗೆ ಹೊರಡಬೇಕಾಯಿತು. ಓದುತ್ತಿದ್ದಂತೆ ಮಹಾಡ್ ನೆನಪಾಗದವರು ಯಾರು? 1927ರಲ್ಲಿ ಬಾಬಾಸಾಹೇಬರು ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿದ್ದೂ ಸಿಹಿನೀರೇ.

ಉಳಿಸಿದ್ದು ಯಾರಿಗಾಗಿ ಎಂಬುದನ್ನು ಬಿಟ್ಟು ಉಳಿಸಿದ್ದನ್ನಷ್ಟೇ ಹೊಗಳಲು ನನಗೆ ಆಗುವುದಿಲ್ಲ. ಆದರೂ ಹೇಳಬೇಕು, ನಾನು ಕಂಡ ಶನಿವಾರ ಆ ದಂಡೆಯಲ್ಲಿ ಎಲ್ಲ ಬಣ್ಣದ ಮಂದಿಯಿದ್ದರು. ಸ್ಪ್ಯಾನಿಷ್ ಮಾತಾಡುವ ದೊಡ್ಡ ಕುಟುಂಬಗಳು ಮಾಂಸ ಸುಡುತ್ತಿದ್ದವು. ಹಿಜಾಬ್ ಧರಿಸಿದ ಹುಡುಗಿಯರು ಮೊಣಕಾಲುದ್ದ ನೀರಿನಲ್ಲಿ ಕಿರುಚಾಡುತ್ತಿದ್ದರು. ಅಸರ್ ಹೊತ್ತಾಯಿತು. ತಂಗಿಯ ಮಗಳ ಎಂಟು ವರ್ಷದ ಮಗ, "ನಾನಾ, ಇಷ್ಟು ಮರಳಿದೆ, ತಯಮ್ಮುಮ್ ಮಾಡೋಣ?" ಎಂದ. ಮದರಸದಲ್ಲಿ ಹೊಸತಾಗಿ ಕಲಿತಿದ್ದಾನೆ, ಪ್ರಯೋಗ ಮಾಡುವ ಆಸೆ. ಆಬ್ ಆಮದ್, ತಯಮ್ಮುಮ್ ಬರ್ಖಾಸ್ತ್ ಎಂಬ ಹಳೆಯ ಗಾದೆ ಹೇಳಿ, ನೀರು ಬಂದಲ್ಲಿ ತಯಮ್ಮುಮ್ ಎದ್ದುಹೋಗುತ್ತದೆಂದು ಅರ್ಥ ಬಿಡಿಸಿ, ಅವನನ್ನು ಸರೋವರಕ್ಕೆ ಕರೆದೊಯ್ದೆ. ಅಷ್ಟು ದೊಡ್ಡ ಹೌಜ್‌ನಲ್ಲಿ ನಾನು ಹಿಂದೆಂದೂ ವುಜೂ ಮಾಡಿರಲಿಲ್ಲ.

ಕಥೆ 1925ಕ್ಕೆ ಮುಗಿಯಲಿಲ್ಲ. ಪಾರ್ಕಿನ ಪಶ್ಚಿಮಕ್ಕಿದ್ದ ಗುಡ್ಡಗಳಿಗೆ ಬಂದರು ಮತ್ತು ಉಕ್ಕಿನ ಕಾರ್ಖಾನೆಗಳ ಯೋಜನೆ ಬಂತು. 1952ರಲ್ಲಿ ಡೊರೋತಿ ಬುಯೆಲ್ ಎಂಬಾಕೆ ಹತ್ತಾರು ಹೆಂಗಸರನ್ನು ಸೇರಿಸಿ ಗುಡ್ಡ ಉಳಿಸುವ ಸಂಘ ಕಟ್ಟಿದರು. ಮರುವರ್ಷವೇ ಕೌಲ್ಸರ ಹೆಸರಿನ ಜೌಗುಭೂಮಿಯನ್ನು ಚಂದಾ ಎತ್ತಿ ಕೊಂಡರು. ಇಂಡಿಯಾನಾದ ನಾಯಕರು ಕೈಕೊಟ್ಟಾಗ ನೆರೆಯ ಇಲಿನಾಯ್ ರಾಜ್ಯದ ಸೆನೆಟರ್ ಪಾಲ್ ಡಗ್ಲಸ್ ಇದನ್ನು ತಲೆಯ ಮೇಲೆ ಹೊತ್ತರು, ಅಲ್ಲಿ ಅವರಿಗೆ ಒಂದು ಓಟೂ ಇಲ್ಲದಿದ್ದರೂ. ಕೊನೆಗೆ ಆದದ್ದು ರಾಜಿ: ಬಂದರೂ ಆಗಲಿ, ಉದ್ಯಾನವೂ ಆಗಲಿ. 1966ರಲ್ಲಿ ರಾಷ್ಟ್ರೀಯ ಸರೋವರದಂಡೆ ಎಂಬ ಕಾನೂನು ಬಂತು, 2019ರಲ್ಲಿ ಅದು ರಾಷ್ಟ್ರೀಯ ಉದ್ಯಾನವೆನಿಸಿತು. ಸ್ಟೇಟ್ ಪಾರ್ಕು ಅದರ ನಡುವೆ ತನ್ನ ಪಾಡಿಗೆ ತಾನಿದೆ. ಆದರೆ ರಾಜಿ ಕೂಡಿಬರುವ ಮೊದಲೇ ನಡುವಿನ ಗುಡ್ಡಗಳು ಹೋಗಿದ್ದವು. ಅವುಗಳ ಮರಳು ಎಲ್ಲಿಗೆ ಹೋಯಿತು ಗೊತ್ತೇ? ಬೆತ್ಲೆಹೆಮ್ ಸ್ಟೀಲಿನ ಜಾಗದಿಂದ ದೋಣಿಗಳಲ್ಲಿ ಸರೋವರ ದಾಟಿ ಎವನ್‌ಸ್ಟನ್‌ಗೆ ಹೋಯಿತು. ಅಲ್ಲಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ತನ್ನ ಆವರಣ ಹಿಗ್ಗಿಸಲು 1960ರ ದಶಕದ ಆದಿಯಲ್ಲಿ ಸರೋವರಕ್ಕೆ ಮಣ್ಣು ತುಂಬಿಸಿತು. ಒಂದು ವಿಶ್ವವಿದ್ಯಾಲಯ ಈ ಮರಳಿನಲ್ಲಿ ಪಾಠ ಕಂಡಿತು, ಇನ್ನೊಂದು ಪಾಠ ಹೇಳಲು ಜಾಗ ಕಂಡಿತು. ತುಂಗಭದ್ರೆಯ ಮರಳಿನ ಮೇಲೆ ನಿಂತ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿರುವ ನಾನು ಇದಕ್ಕಿಂತ ಹೆಚ್ಚು ಹೇಳಬಾರದು.

ಈ ರಾಜಿಯ ಕಥೆಯಿಂದ ನನ್ನ ಪ್ರಶ್ನೆಗೆ ಒಂದು ಒರೆಗಲ್ಲು ಸಿಕ್ಕಿತು. ದಾನದಲ್ಲಿ ಕೊಟ್ಟವನ ಮನಸ್ಸನ್ನು ಅಳೆಯುವುದು ನಮ್ಮ ಕೆಲಸವಲ್ಲ, ನಿಯತ್ತು ಅವನಿಗೂ ಅವನ ದೇವರಿಗೂ ಬಿಟ್ಟದ್ದು. ತೆಗೆದುಕೊಂಡವರ ಬಾಯಿ ಆಮೇಲೆ ಏನಾಯಿತು ಎಂಬುದನ್ನು ಮಾತ್ರ ನೋಡಬಹುದು. ಹಣ ಪಡೆದು ಸುಮ್ಮನಾದರೆ ಅದು ದಾನವಲ್ಲ, ಬಾಯಿಗೆ ಹಾಕಿದ ಬೀಗ. ಒಂದು ಪಾರ್ಕು ಸಿಕ್ಕಿತಲ್ಲ, ಉಳಿದದ್ದು ಬಿಡಿ ಎಂಬ ಮಾತು ಯಾರ ನಾಲಿಗೆಯ ಮೇಲೂ ಸುಲಭವಾಗಿ ಬರುವಂಥದು. ಬುಯೆಲ್‌ರಂಥವರು ಅದನ್ನು ಆಡಲಿಲ್ಲ, ಕೇಳಲೂ ಇಲ್ಲ. ಶೀಹನ್‌ರ ಜಾಗದಲ್ಲಿ ನಾನಿದ್ದರೆ ಗ್ಯಾರಿಯ ಹಣ ತೆಗೆದುಕೊಳ್ಳುತ್ತಿದ್ದೆ. ಮೂಗು ಮುರಿದು ವಾಪಸು ಮಾಡಿದ್ದರೆ ನನ್ನ ಕೈ ಸ್ವಚ್ಛವಾಗಿರುತ್ತಿತ್ತು, ಮೌಂಟ್ ಟಾಮ್ ಇರುತ್ತಿರಲಿಲ್ಲವೇನೋ. ನನ್ನ ಕೈಯ ಸ್ವಚ್ಛತೆಗೆ ಆ ಬೆಲೆಯಿಲ್ಲ. ಆದರೆ ಅವರ ಹೆಸರು ಹೇಳಿ ದುಆ ಮಾಡಿಸುತ್ತಿರಲಿಲ್ಲ. ಅವರ ಹೆಸರಿಗೆ ಆಗಲೇ ಒಂದು ಊರಿತ್ತಲ್ಲ.

ಯಾರ ದಂಡೆ ಎಂಬ ತಕರಾರು ಇಂದಿಗೂ ತಣ್ಣಗಾಗಿಲ್ಲ. ಇದೇ ಸರೋವರದ ಲಾಂಗ್ ಬೀಚ್ ಎಂಬಲ್ಲಿ ದಡಕ್ಕೆ ಮನೆ ಕಟ್ಟಿಕೊಂಡವರು ನೀರಿನ ಅಂಚಿನವರೆಗೂ ತಮ್ಮದೇ ಎಂದು ಮೊಕದ್ದಮೆ ಹೂಡಿದ್ದರು. ನೀರು ಸಹಜವಾಗಿ ಏರಿ ಗುರುತು ಬಿಡುವ ಎತ್ತರದವರೆಗಿನ ದಂಡೆಯನ್ನು ರಾಜ್ಯ ಜನರ ಪರವಾಗಿ ಅಮಾನತ್ತಾಗಿ ಹಿಡಿದಿದೆ, ಅಲ್ಲಿ ಜನ ನಡೆಯಬಹುದು ಎಂದು ಇಂಡಿಯಾನಾದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಆದರೆ ಆ ಗುರುತು ನಿಂತಲ್ಲಿ ನಿಲ್ಲುವುದಿಲ್ಲ. ಸರೋವರ ಕೆಲವು ವರ್ಷ ಏರುತ್ತದೆ, ಕೆಲವು ವರ್ಷ ಇಳಿಯುತ್ತದೆ. ಗಡಿಕಲ್ಲು ನೆಡಲು ಬಾರದ ಗಡಿ.

ಮೂರನೆಯ ದಿನ ಹೊರಡುವಾಗ ಮಿಶಿಗನ್ ಸಿಟಿಯ ಪಕ್ಕದ ಮೌಂಟ್ ಬಾಲ್ಡಿಗೆ ಹೋದೆವು. ಅದು ನಡೆಯುವ ಗುಡ್ಡ, ವರ್ಷಕ್ಕೆ ನಾಲ್ಕಾರು ಅಡಿ ಒಳನಾಡಿಗೆ ಸರಿಯುತ್ತ ದಾರಿಯ ಮರಗಳನ್ನು ನಿಂತಲ್ಲೇ ಹೂಳುತ್ತದೆ. 2013ರ ಜುಲೈಯಲ್ಲಿ ಆರು ವರ್ಷದ ಒಬ್ಬ ಹುಡುಗ ಅದರ ಮೇಲೆ ನಡೆಯುತ್ತಿದ್ದಾಗ ನೆಲ ಬಾಯ್ತೆರೆದು ಅವನನ್ನು ನುಂಗಿತು. ಮೂರು ಗಂಟೆಗೂ ಹೆಚ್ಚು ಹೊತ್ತಿನ ಮೇಲೆ ಹನ್ನೊಂದು ಅಡಿ ಆಳದಿಂದ ತೆಗೆದರು. ಅಲ್‌ಹಮ್ದುಲಿಲ್ಲಾಹ್, ಬದುಕಿದ. ಹಿಂದೆಂದೋ ಹೂತುಹೋದ ಮರಗಳು ಒಳಗೇ ಕೊಳೆತು, ಅವುಗಳ ಜಾಗ ಟೊಳ್ಳು ಕೊಳವೆಯಾಗಿ ಉಳಿದಿತ್ತೆಂದು ಭೂವಿಜ್ಞಾನಿಗಳು ಆಮೇಲೆ ಕಂಡುಕೊಂಡರು. ಈಗ ಕಾವಲುಗಾರರು ಜೊತೆಗಿಲ್ಲದೆ ಗುಡ್ಡದ ನೆತ್ತಿಗೆ ಬಿಡುವುದಿಲ್ಲ. ಇನ್ನೂ ಒಂದು ವಿಷಯ. ಬಂದರಿನ ಕಟ್ಟೆಗಳು ಸರೋವರದ ಮರಳಿನ ಹರಿವನ್ನು ತಡೆದಿರುವುದರಿಂದ ಬಾಲ್ಡಿಯ ಬುಡಕ್ಕೆ ಹೊಸ ಮರಳು ಸೇರುವುದಿಲ್ಲ, ಅಲೆ ಕೊರೆಯುತ್ತದೆ. ಹಾಗಾಗಿ ಬೇರೆ ಕಡೆಯಿಂದ ಮರಳು ತಂದು ಅದರ ಬುಡದ ದಂಡೆಗೆ ಸುರಿಯುತ್ತ ಬಂದಿದ್ದಾರೆ. ಕೂಗಳತೆಯಲ್ಲಿ, ಹೂಸಿಯರ್ ಸ್ಲೈಡ್ ಇದ್ದ ಜಾಗ.

ಹುಡುಗ ಕುಡಿಯುವ ನೀರಿನ ಬಾಟಲಿಯಲ್ಲಿ ಸ್ವಲ್ಪ ಮರಳು ತುಂಬಿಕೊಂಡಿದ್ದ. ಶಿವಮೊಗ್ಗದ ಪರ್‌ನಾನಿಗೆ ಕೊಡಬೇಕಂತೆ. ಇಲ್ಲಿಂದ ಏನೂ ತೆಗೆದುಕೊಂಡು ಹೋಗುವಂತಿಲ್ಲವೆಂದು ತಾಯಿ ಗದರಿದಳು. "ಇಷ್ಟೇ ಇಷ್ಟು" ಎಂದ. ಹೂಸಿಯರ್ ಸ್ಲೈಡಿನ ಕೂಲಿಯಾಳೂ ತನ್ನ ಸಲಿಕೆ ನೋಡಿಕೊಂಡು ಇದನ್ನೇ ಅಂದಿರಬಹುದು. ನಾನು ಬಾಯಿ ಹಾಕಲಿಲ್ಲ. ಅವನು ಮುಖ ಊದಿಸಿಕೊಂಡು ಬಾಟಲಿ ಬಗ್ಗಿಸಿದ.

ಊರಿಗೆ ಬಂದ ವಾರ ಹಳೆಯ ಮಸೀದಿಗೆ ಹೋಗಿದ್ದೆ. ಹೌಜ್ ಕೊನೆಗೂ ಊರವರ ಚಂದಾದಿಂದಲೇ ಆಗಿತ್ತು. ಎರಡು ರೂಪಾಯಿ, ಐದು ರೂಪಾಯಿ, ಒಂದು ಚೀಲ ಸಿಮೆಂಟು ಎಂದು ಸೇರಿಸಿ ಮುಗಿಸಲು ಎರಡು ವರ್ಷ ಹಿಡಿಯಿತು. ಅಷ್ಟು ದಿನ ಜನ ಬಾವಿಯಿಂದ ಸೇದಿ ವುಜೂ ಮಾಡಿದರು, ಗೊಣಗಿದರು. ಗುತ್ತಿಗೆದಾರರು ಮೊದಲು ಸಿಟ್ಟಾದರೂ ಆಮೇಲೆ ಒಪ್ಪಿಕೊಂಡು ಹಿಂದುಗಡೆ ನಾಲ್ಕು ಪಾಯಖಾನೆ ಕಟ್ಟಿಸಿದರು. ಹೆಸರಿನ ಕಲ್ಲು ಹಾಕಿಸಲಿಲ್ಲ. ಸಂತೆಯ ದಿನ ಮಸೀದಿಗೆ ಸಂಬಂಧವಿಲ್ಲದವರೂ ಅಲ್ಲಿಗೆ ಬರುತ್ತಿದ್ದರು, ಈಗಲೂ ಬರುತ್ತಾರೆ. ಅಬ್ಬನ ಲೆಕ್ಕದ ಪುಸ್ತಕದಲ್ಲಿ ಆ ಮೊತ್ತ ಬೇರೆ ಹಾಳೆಯಲ್ಲಿದೆ, ಚಂದಾದ ಜೊತೆ ಕೂಡಿಸಿಲ್ಲ. ನಾನು ಹೋದ ದಿನ ಶುಕ್ರವಾರ. ಗುತ್ತಿಗೆದಾರರ ಮಗ, ಈಗ ಅವರಿಗೂ ಗಡ್ಡ ನರೆತಿದೆ, ಹೌಜ್‌ನ ಅಂಚಿನಲ್ಲಿ ಕೂತು ಪಾದ ತೊಳೆಯುತ್ತಿದ್ದರು. ಸಲಾಮ್ ಹೇಳಿ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟರು.